ಖಾಲಿ ಕೊಳವೆಯೊಳಗಿನ ನೀರು

ಮಾರ್ಚ್ ೪

ಪ್ರೀತಿಯ ಅಕ್ಕಾ,

ರಾತ್ರಿ ಎರಡೂವರೆ. ನೀರು ಬೀಳುವ ಸದ್ದಿಗೆ ಎಚ್ಚರವಾಯಿತು. ನಲ್ಲಿ ನಿಲ್ಲಿಸಿಲ್ಲವೇನೋ ಎಂದು ಎದ್ದು ಬಚ್ಚಲಿಗೆ ಹೋದೆ, ಅಡುಗೆಮನೆಗೆ ಹೋದೆ. ಎರಡು ಕಡೆಯೂ ಒಂದು ತೊಟ್ಟೂ ಇಲ್ಲ. ಕೋಣೆಯ ಕಿಟಕಿ ತೆರೆದಾಗ ಗೊತ್ತಾಯಿತು, ಸದ್ದು ಬೀದಿಯ ಕೆಳಗಿನಿಂದ ಬರುತ್ತಿದೆ. ನೀನು ಹೂಳಿಸಿದ ಕೊಳವೆಯೊಳಗಿಂದ. ಆಳವಾದ ಹಂಡೆಗೆ ಯಾರೋ ಚೊಂಬಿನಲ್ಲಿ ಸುರಿಯುತ್ತಿರುವ ಹಾಗೆ ಒಂದಿಷ್ಟು ಹೊತ್ತು ಗುಳುಗುಳು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದಕ್ಕೇ ಹೆಚ್ಚು ಭಯವಾಯಿತು.

ಇವರನ್ನು ಎಬ್ಬಿಸಿದೆ. "ಕೊಳವೇಲಿ ನೀರು ಹರೀತಿದೆ ಕಣ್ರೀ."

ಕಣ್ಣು ಬಿಡದೆಯೇ ಅಂದರು: "ಕೊಳವೆ ಇರೋದೇ ಅದಕ್ಕಲ್ವೇನೇ? ಮಲಕ್ಕೋ."

ಇವರಿಗೆ ಗೊತ್ತಿಲ್ಲದಿರಬಹುದು, ನಿನಗೆ ಗೊತ್ತು. ಈ ಊರಿನ ಒಳಚರಂಡಿ ಕೆಲಸವೆಲ್ಲ ನಿನ್ನ ಉಸ್ತುವಾರಿ. ಜನವರಿಯಲ್ಲಿ ನಮ್ಮ ಮನೆ ಮುಂದೆಯೇ ಬೀದಿಯವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದವಳು ನೀನು: "ಟಾರು ಹಾಕಿದ ಮೇಲೆ ಮೂರು ವರ್ಷ ರಸ್ತೆ ಅಗೆಯೋಕೆ ಬಿಡಲ್ಲ. ಅದಕ್ಕೇ ಈಗಲೇ ಎಲ್ಲರ ಮನೆಯಿಂದಲೂ ಕೊಳವೆ ಜೋಡಿಸ್ತೀವಿ. ಬಾಯಿಗೆ ಮಾತ್ರ ಸಿಮೆಂಟಿನ ಬಿರಡೆ ಹಾಕಿರ್ತೀವಿ. ಆ ತುದೀಲಿ ಕೊಳಚೆ ಶುದ್ಧ ಮಾಡೋ ಘಟಕ ಶುರುವಾಗೋವರೆಗೂ ಬಿರಡೆ ಯಾರೂ ಮುಟ್ಟೋ ಹಾಗಿಲ್ಲ. ಅಲ್ಲೀತನಕ ನಿಮ್ಮ ನಿಮ್ಮ ಹಿತ್ತಲ ಗುಂಡೀನೇ ಗತಿ." ಬೀದಿಯವರು ಚಪ್ಪಾಳೆ ತಟ್ಟಿದ್ದರು. ಬಾಣಂತಿಯಾಗಿದ್ದ ನಾನು ಕಿಟಕಿಯಿಂದ ನೋಡಿ ಎಷ್ಟು ಬೀಗಿದ್ದೆ!

ಘಟಕ ಇನ್ನೂ ಕಂಬದ ಮಟ್ಟದಲ್ಲಿದೆ. ಹಾಗಿದ್ದ ಮೇಲೆ ಖಾಲಿ ಇರಬೇಕಾದ ಕೊಳವೆಯೊಳಗೆ ನೀರು ಎಲ್ಲಿಂದ ಬಂತು?

ನಮ್ಮ ಬೀದಿಯ ಇಳಿಜಾರು ಹೋಗಿ ಮುಟ್ಟುವುದು ಕೆರೆಯನ್ನು. ಕೆರೆಯ ದಡದಲ್ಲಿ ಕುಡಿಯುವ ನೀರಿನ ಫಿಲ್ಟರ್ ಮನೆ. ಫಿಲ್ಟರ್ ಮನೆಯಿಂದ ನಮ್ಮ ನಲ್ಲಿ. ನಲ್ಲಿಯಿಂದ ಪುಟ್ಟಿಯ ಬಾಟಲಿ. ನನ್ನ ಹಾಲು ಅವಳಿಗೆ ಸಾಲುತ್ತಿಲ್ಲ ಎಂದು ಮೊನ್ನೆಯಿಂದ ಪುಡಿ ಹಾಲು ಕಲಸಿ ಕೊಡುತ್ತಿದ್ದೇನೆ. ಕಣ್ಣು ಮುಚ್ಚಿದರೆ ಸಾಕು, ಈ ದಾರಿಯಲ್ಲೇ ಹೋಗುತ್ತೇನೆ, ಬರುತ್ತೇನೆ.

ಒಂದು ಸಾಲು ಬರೆ. ಏನೂ ಇಲ್ಲ ಕಣೇ ಅಂತ ಬರೆದರೂ ಸಾಕು, ನಂಬುತ್ತೇನೆ.

ನಿನ್ನ ತಂಗಿ


ಮಾರ್ಚ್ ೧೧

ಪುಕ್ಕಲೀ,

ಏನೂ ಇಲ್ಲ ಕಣೇ. ಸಾಕಾಯಿತಾ?

ಸಾಲದು, ನನಗೆ ಗೊತ್ತು. ಕತ್ತಲಲ್ಲಿ ಒಗೆದ ಬಟ್ಟೆ ಅಲುಗಿದರೆ ಕಳ್ಳ ಬಂದ ಎಂದು ನನ್ನ ಹಾಸಿಗೆಗೆ ನುಗ್ಗುತ್ತಿದ್ದವಳು ನೀನು. ಆದ್ದರಿಂದ ಎಂಜಿನಿಯರ್ ಆಗಿಯೇ ಹೇಳುತ್ತೇನೆ, ಕೇಳು. ನೆಲದೊಳಗೆ ಒಸರು ನೀರಿರುತ್ತದೆ. ಅದರಲ್ಲೂ ಕೆರೆ ಹತ್ತಿರ. ಹೊಸ ಕೊಳವೆಯ ಜೋಡಣೆಗಳಲ್ಲಿ ಎಲ್ಲೋ ಒಂದೊಂದು ಕಡೆ ಸ್ವಲ್ಪ ಒಳಗೆ ಬರುತ್ತದೆ. ಖಾಲಿ ಕೊಳವೆ ಎಂದರೆ ದೊಡ್ಡ ತುತ್ತೂರಿ ಇದ್ದ ಹಾಗೆ, ಒಂದು ಲೋಟ ನೀರು ಬಿದ್ದರೂ ಹೊಳೆ ಬಂದಂತೆ ಕೇಳುತ್ತದೆ.

ಬಂದ ನೀರೂ ಎಲ್ಲಿಗೂ ಹೋಗುವುದಿಲ್ಲ. ಕೆರೆ ದಂಡೆಯುದ್ದಕ್ಕೂ ಹಾಸಿರುವ ದೊಡ್ಡ ಕೊಳವೆಯನ್ನು ನೀನು ನೋಡಿದ್ದೀಯ, ಬಗ್ಗಿಕೊಂಡು ಒಳಗೆ ನಡೆದುಹೋಗಬಹುದು. ಅದರ ಕೊನೆಯ ಮ್ಯಾನ್‌ಹೋಲಿನಲ್ಲಿ ಇಟ್ಟಿಗೆ ಗೋಡೆ ಕಟ್ಟಿಸಿ ಗಾರೆ ಮೆತ್ತಿಸಿದ್ದೇನೆ. ನಾನು ಹೇಳದೆ ಆ ಗೋಡೆಯಿಂದ ಒಂದು ಹನಿ ಆಚೆ ಬರುವುದಿಲ್ಲ.

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ನಗಬಾರದಿತ್ತು ಎನಿಸಿತು. ಮೂರು ಊರಿನ ಕೆಲಸ ನನ್ನ ತಲೆಯ ಮೇಲಿದೆ, ಬಂದು ಹೋಗಲಾಗುತ್ತಿಲ್ಲ. ಈ ಸದ್ದಿನ ವಿಷಯ ಬೀದಿಯಲ್ಲಿ ಆಡಬೇಡ. ಹೆಂಗಸಿನ ಕೈಗೆ ಚರಂಡಿ ಕೆಲಸ ಕೊಟ್ಟರಲ್ಲ ಎಂದು ಪುರಸಭೆಯಲ್ಲಿ ಮೊದಲ ದಿನದಿಂದ ಹಲ್ಲು ಕಡಿಯುವವರಿದ್ದಾರೆ.

ಮಗು ಮಲಗಿದಾಗ ನೀನೂ ಮಲಗು.

ಅಕ್ಕ


ಏಪ್ರಿಲ್ ೨

ಅಕ್ಕಾ,

ಒಸರು ಎಂದು ನೀನು ಬರೆದ ಮೇಲೆ ಒಂದು ವಾರ ನಿಜಕ್ಕೂ ನಿದ್ದೆ ಮಾಡಿದೆ. ಆಮೇಲೆ ಹಗಲು ಹೊತ್ತಿನಲ್ಲಿ ಕೇಳಿಸಿಕೊಳ್ಳತೊಡಗಿದೆ.

ಬೆಳಿಗ್ಗೆ ಪಕ್ಕದ ಮನೆಯ ಪೋಸ್ಟ್‌ಮಾಸ್ತರರು ಕೆಮ್ಮಿದ ಸ್ವಲ್ಪ ಹೊತ್ತಿಗೆ ಒಂದು ಸಲ ಹರಿಯುತ್ತದೆ. ಎದುರು ಮನೆಯ ಟೈಲರ್ ಮಕ್ಕಳು ಶಾಲೆಗೆ ಹೊರಡುವ ಮುಂಚೆ ಮೇಲಿಂದ ಮೇಲೆ. ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿಗೆ ಸಣ್ಣಗೆ, ಬಹಳ ಹೊತ್ತು. ಭಾನುವಾರ ಎಲ್ಲವೂ ತಡ. ಒಸರಿಗೆ ಭಾನುವಾರ ರಜೆ ಅಂತ ಗೊತ್ತಿರುತ್ತದಾ ಅಕ್ಕಾ?

ಮ್ಯಾನ್‌ಹೋಲಿನ ಮುಚ್ಚಳದ ತೂತಿನಿಂದ ವಾಸನೆಯೂ ಬರುತ್ತಿದೆ. "ಚರಂಡಿ ಅಂದ್ರೆ ಮಲ್ಲಿಗೆ ವಾಸನೆ ಬರುತ್ತೇನೆ?" ಎಂದರು ಅತ್ತೆ. ನಾನು ನೀರನ್ನು ಒಂದು ಸಲ ಕುದಿಸಿ, ಆರಿಸಿ, ಮತ್ತೆ ಕುದಿಸುತ್ತೇನೆ. "ಕುದ್ಸಿ ಕುದ್ಸಿ ಪಾತ್ರೆ ತಳ ತೂತು ಮಾಡ್ತೀಯ ನೀನು" ಎನ್ನುತ್ತಾರೆ. ಇವರು ಮಾತ್ರ ಏನೂ ಅನ್ನುವುದಿಲ್ಲ, ಕೆಲಸದಿಂದ ಬಂದ ಕೂಡಲೇ ನನ್ನ ಹಣೆ ಮುಟ್ಟಿ ನೋಡುತ್ತಾರೆ. ಡಾಕ್ಟರ್ ಹತ್ತಿರ ಕರೆದುಕೊಂಡೂ ಹೋದರು. ಅವರು ನನ್ನನ್ನಲ್ಲ, ಇವರನ್ನು ನೋಡಿ ಹೇಳಿದರು: "ಮೊದಲ ಹೆರಿಗೆ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ." ನಿದ್ದೆ ಮಾತ್ರೆ ಕೊಟ್ಟರು. ತಗೊಂಡಿಲ್ಲ. ನಾನೂ ಮಲಗಿಬಿಟ್ಟರೆ ಕೇಳಿಸಿಕೊಳ್ಳುವವರು ಯಾರು?

ಪುಟ್ಟಿಗೆ ಎರಡು ದಿನ ಭೇದಿಯಾಗಿತ್ತು. ನಿಂತಿದೆ. ಹಲ್ಲು ಬರುವ ಸೂಚನೆ ಎಂದರು ಅತ್ತೆ. ಇರಬಹುದು. ನಾನು ಅವಳ ಒಸಡಿನ ಮೇಲೆ ಬೆರಳಾಡಿಸಿ ಆಡಿಸಿ ಹುಡುಕಿದೆ, ಏನೂ ಸಿಗಲಿಲ್ಲ.

ನಿನ್ನ ಇಟ್ಟಿಗೆ ಗೋಡೆ ಎಷ್ಟು ದಪ್ಪ ಇದೆ?

ನಿನ್ನ ತಂಗಿ


ಏಪ್ರಿಲ್ ೨೧

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ಕೋಪವೋ ಕೆಲಸವೋ ತಿಳಿಯದು. ಕೋಪವಾದರೂ ಇದನ್ನು ಪೂರ್ತಿ ಓದು.

ಟಾರು ಹಾಕುವವರು ಮ್ಯಾನ್‌ಹೋಲಿನ ಕುತ್ತಿಗೆಯನ್ನು ರಸ್ತೆಯ ಮಟ್ಟಕ್ಕೆ ಏರಿಸಲು ಮುಚ್ಚಳ ತೆಗೆದಿದ್ದರು. ಅದನ್ನು ಕಂಡ ಕೂಡಲೇ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು, ಟೈಲರ್ ಮನೆಗೆ ಹೋದೆ. ಕೆಮಿಸ್ಟ್ರಿ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು.

"ಒಂದ್ನಿಮಿಷ ನಿಮ್ಮ ಬಚ್ಚಲಿಗೆ ಹೋಗ್ಲಾ?" ಎಂದು ಟೈಲರ್ ಹೆಂಡತಿಯನ್ನು ಕೇಳಿದೆ.

"ಅಯ್ಯೋ, ಎದುರಿಗೇ ನಿಮ್ಮನೆ ಕಾಣ್ತಿದೆಯಲ್ರೀ!"

"ಅಲ್ಲೀತನಕ ತಡಿಯೋಕಾಗಲ್ಲ."

ಆಕೆ ಪುಟ್ಟಿಯನ್ನು ಎತ್ತಿಕೊಂಡಳು. ಒಳಗೆ ಹೋಗಿ ಪೊಟ್ಟಣವನ್ನೆಲ್ಲ ಸುರಿದು ಎರಡು ಬಕೆಟ್ ನೀರು ಹೊಯ್ದು, ಓಡಿ ಬಂದು ಮ್ಯಾನ್‌ಹೋಲಿನ ಹತ್ತಿರ ಬಗ್ಗಿ ನಿಂತೆ. ಟಾರಿನವರು ಕೆಲಸ ಬಿಟ್ಟು ನನ್ನನ್ನೇ ನೋಡಿದರು. ಕ್ಷಣದಲ್ಲೇ ಕೆಳಗೆ ನೀಲಿ ನೀರು ಹರಿದು ಬಂತು ಅಕ್ಕಾ. ಅಚ್ಚ ನೀಲಿ.

"ಲೇ, ಯಾರ ಮನೇಲೋ ಆಕಾಶ ತೊಳೀತಿದ್ದಾರೆ ನೋಡ್ರೋ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಆ ನೀಲಿಯ ಜೊತೆ ಏನೇನು ತೇಲಿ ಬಂತೆಂದು ಕಾಗದದಲ್ಲಿ ಬರೆಯಲಾರೆ.

ವಾಪಸು ಹೋದಾಗ ಟೈಲರ್ ಹೆಂಡತಿ ನನ್ನ ನೀಲಿ ಬೆರಳುಗಳನ್ನೇ ನೋಡುತ್ತಿದ್ದಳು. "ಬಿರಡೆ ತೆಗೆದಿದ್ದೀರಾ?" ಎಂದೆ.

ಮಗುವನ್ನು ನನ್ನ ಕೈಗಿತ್ತು ಅಂದಳು: "ನಮ್ಮೊಬ್ರದೇನಾ? ಬೀದೀಲಿ ಮೊದಲು ತೆಗೆದವರೇನು ನಾವಲ್ಲ."

"ಮತ್ಯಾರು?"

"ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ. ನಾಳೆ ಮುಖ ನೋಡ್ಕೊಂಡು ಬದುಕೋರು ನಾವು."

ಬಾ ಅಕ್ಕಾ. ಬಂದು ಒಂದೊಂದು ಮನೆಯ ಬಿರಡೆ ಇರುವ ಗುಂಡಿ, ಆ ಚೇಂಬರನ್ನೂ ನೀನೇ ತೆಗೆಸಿ ನೋಡು. ನಿನ್ನ ಗೋಡೆಯ ಹಿಂದೆ ಏನು ನಿಂತಿದೆ ಎಂದು ಯಾರಿಗೂ ಗೊತ್ತಿಲ್ಲ. ನನಗೆ ಸ್ವಲ್ಪ ಗೊತ್ತು, ಅಷ್ಟಕ್ಕೇ ಊಟ ಸೇರುತ್ತಿಲ್ಲ.

ನಿನ್ನ ತಂಗಿ


ಮೇ ೩

ತಂಗೀ,

ಕೋಪವಲ್ಲ. ಓದಿ ಎರಡು ದಿನ ನನಗೂ ನಿದ್ದೆ ಬರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಇಷ್ಟು ದಿನ ಬೇಕಾಯಿತು.

ನನಗೆ ಬರಲಾಗಲಿಲ್ಲ, ಓವರ್‌ಸಿಯರನ್ನು ಕಳಿಸಿದ್ದೆ. ಟೈಲರ್ ಮನೆಗೆ ಹೊಸ ಬಿರಡೆ ಹಾಕಿಸಿ ಬಂದಿದ್ದಾನೆ. ಉಳಿದ ಮನೆಯವರೆಲ್ಲ "ನಾವು ಮುಟ್ಟೇ ಇಲ್ಲ ಸ್ವಾಮಿ" ಎಂದರಂತೆ. ಚೇಂಬರ್‌ಗಳನ್ನು ತೆಗೆಸಿ ನೋಡಿದೆಯಾ ಎಂದು ಕೇಳಿದೆ. ಕೆಲವನ್ನು ನೋಡಿದನಂತೆ. ಕೆಲವೆಂದರೆ ಎಷ್ಟು ಎಂದು ಕೇಳಿದರೆ ಮೇಲೆ ನೋಡಿದ.

ಮುಂದಿನ ತಿಂಗಳು ಕೊಳವೆಯ ಪರೀಕ್ಷೆ. ಕೆರೆಯಿಂದ ಟ್ಯಾಂಕರ್‌ಗಳಲ್ಲಿ ನೀರು ತಂದು ಕೊಳವೆಗೆ ತುಂಬಿಸಿ ಒಂದು ದಿನ ಬಿಡುತ್ತೇವೆ. ಮಟ್ಟ ಇಳಿಯದಿದ್ದರೆ ಜೋಡಣೆಗಳು ಗಟ್ಟಿ ಎಂದರ್ಥ. ಆಮೇಲೆ ಗೋಡೆ ಒಡೆದು ಆ ನೀರನ್ನು ಕೆರೆಗೆ ಬಿಡುತ್ತೇವೆ. ಕೆರೆಯಿಂದ ತಂದದ್ದು ಕೆರೆಗೆ. ಎಲ್ಲ ಊರಲ್ಲೂ ಹೀಗೆಯೇ. ಮಳೆ ಹಿಡಿಯುವುದರೊಳಗೆ ಇದು ಮುಗಿಯದಿದ್ದರೆ ತೋಡಿದ ಮಣ್ಣೆಲ್ಲ ಕೊಚ್ಚಿಕೊಂಡು ಕೆರೆಗೇ ಇಳಿಯುತ್ತದೆ, ಅದು ಇನ್ನೊಂದು ಅನಾಹುತ. ನಿಲ್ಲಿಸು ಎಂದು ಸುಮ್ಮನೆ ಹೇಳಲಾಗದು. ನಿಲ್ಲಿಸಿದರೆ ಮೊದಲ ಪ್ರಶ್ನೆ, ನಿಮಗೆ ಯಾರು ಹೇಳಿದರು? ನನ್ನ ತಂಗಿ. ಎರಡನೆಯದು, ನಿಮ್ಮ ತಂಗಿಯ ಮನೆಯ ಬಿರಡೆ ಸರಿಯಾಗಿದೆಯಾ?

ಅದಕ್ಕೇ ನಾನೇ ಮೊದಲು ಕೇಳುತ್ತಿದ್ದೇನೆ. ನಿಮ್ಮ ಮನೆಯದು ಸರಿಯಾಗಿದೆಯಾ? ಹೌದೋ ಇಲ್ಲವೋ ಅಷ್ಟು ಬರೆ.

ಅಕ್ಕ


ಮೇ ೧೭

ಪ್ರೀತಿಯ ಅಕ್ಕಾ,

ಪುಟ್ಟಿ ಬೋರಲು ಬೀಳುತ್ತಾಳೆ. ಬಿದ್ದು, ಯಾರೋ ತಳ್ಳಿದರೇನೋ ಎಂಬಂತೆ ಸುತ್ತ ನೋಡಿ ಅಳುತ್ತಾಳೆ. ನಗು ಬರುತ್ತದೆ. ಬಿಸಿಲು ಹೆಚ್ಚಾಗಿದೆ, ಬಾಯಾರಿಕೆಗೆ ನಡುವೆ ಒಂದೆರಡು ಚಮಚ ನೀರು ಕೊಡಿ ಎಂದಿದ್ದಾರೆ ಡಾಕ್ಟರು. ಚಮಚ ಹಿಡಿದ ಕೈ ಅವಳ ತುಟಿಯವರೆಗೆ ಹೋಗಿ ನಿಲ್ಲುತ್ತದೆ. ಅತ್ತೆ ಕಸಿದುಕೊಂಡು ಕುಡಿಸುತ್ತಾರೆ.

ನೀನು ಕೇಳಿದ್ದನ್ನು ಅತ್ತೆಯ ಹತ್ತಿರ ಕೇಳಿದೆ. "ನಮ್ಮದಕ್ಕೇನಾಗಿದೆ? ಸರಿಯಾಗೇ ಇದೆ. ನಿಮ್ಮಕ್ಕನಿಗೆ ಬೇರೆ ಕೆಲಸ ಇಲ್ವಂತಾ?" ಎಂದರು. ನಮ್ಮ ಚೇಂಬರಿನ ಮೇಲೆ ಅವರ ಒಗೆಯುವ ಕಲ್ಲು ಇದೆ. ಅದನ್ನು ಸರಿಸಲು ಇಬ್ಬರು ಬೇಕು.

ಆದ್ದರಿಂದ ಸರಿಯಾಗಿದೆ ಎಂದು ಬರೆಯುತ್ತಿದ್ದೇನೆ.

ಈಚೆಗೆ ಸದ್ದು ಬದಲಾಗಿದೆ. ಮೊದಲು ಬಿದ್ದ ಹಾಗೆ ಕೇಳುತ್ತಿತ್ತು. ಈಗ ನೀರು ನೀರಿನೊಳಗೆ ಇಳಿದ ಹಾಗೆ.

ನಿನ್ನ ತಂಗಿ


ಜೂನ್ ೫

ಪುಕ್ಕಲೀ,

ಬಹಳ ದಿನದ ಮೇಲೆ ಒಳ್ಳೆಯ ಸುದ್ದಿ ಬರೆಯುತ್ತಿದ್ದೇನೆ. ನಿನ್ನೆ ಪರೀಕ್ಷೆ ಮುಗಿಯಿತು. ಮಟ್ಟ ಕೂದಲೆಳೆಯಷ್ಟೂ ಇಳಿದಿಲ್ಲವಂತೆ. ನಾನು ಇಲ್ಲಿ ಸಭೆಗಳಲ್ಲಿ ಸಿಕ್ಕಿಕೊಂಡಿದ್ದೆ. ಓವರ್‌ಸಿಯರ್ ಫೋನಿನಲ್ಲಿ ಹೇಳಿದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಒಂದು ತಮಾಷೆ ಕೇಳು. ನಾನು ಲೆಕ್ಕ ಹಾಕಿ ಕೊಟ್ಟಿದ್ದ ಟ್ಯಾಂಕರ್‌ಗಳಲ್ಲಿ ಅರ್ಧ ಖಾಲಿ ಮಾಡುವಷ್ಟರಲ್ಲಿ ಕೊಳವೆ ತುಂಬಿ ತುಳುಕಿತಂತೆ! "ನಿಮ್ಮ ಮೇಡಂ ಗುಣಾಕಾರ ಮರ್ತಿದ್ದಾರೆ" ಎಂದು ಮೇಸ್ತ್ರಿ ಎಲ್ಲರೆದುರು ಆಡಿಕೊಂಡನಂತೆ. ಆಡಿಕೊಳ್ಳಲಿ. ಕೊಳವೆ ಗಟ್ಟಿಯಾಗಿದೆಯಲ್ಲ.

ಹತ್ತನೆಯ ತಾರೀಖು ಬೆಳಕು ಹರಿಯುತ್ತಿದ್ದ ಹಾಗೆ ಗೋಡೆ ಒಡೆಯುತ್ತಾರೆ. ಸಹಿ ಮಾಡಿ ಕಳಿಸಿದ್ದೇನೆ. ಅದು ಮುಗಿದ ವಾರವೇ ಬರುತ್ತೇನೆ. ಪುಟ್ಟಿ ಬೋರಲು ಬೀಳುವುದನ್ನು ನೋಡಬೇಕು.

ನಿನಗೆ ತಿಂಗಳುಗಟ್ಟಲೆ ಬಿಗಿದುಕೊಂಡೇ ಉತ್ತರ ಬರೆದೆ. ಬೇಸರ ಮಾಡಿಕೊಳ್ಳಬೇಡ.

ಅಕ್ಕ


ಜೂನ್ ೯, ರಾತ್ರಿ

ಅಕ್ಕಾ,

ನಿನ್ನ ಗುಣಾಕಾರ ತಪ್ಪಿಲ್ಲ. ಉಳಿದರ್ಧ ಕೊಳವೆ ಮೊದಲೇ ತುಂಬಿತ್ತು.

ನಾಳೆ ಗೋಡೆ ಒಡೆಯಬಾರದು. ಕಾರಣ ಆಮೇಲೆ ಓದು. ಮೊದಲು ಫಿಲ್ಟರ್ ಮನೆಗೆ ಫೋನ್ ಮಾಡು. ಊರಿನ ಫೋನುಗಳೆಲ್ಲ ಮೊನ್ನೆಯಿಂದ ಸತ್ತಿವೆ, ಅಗೆಯುವ ಯಂತ್ರ ತಂತಿ ಕತ್ತರಿಸಿದೆ. ಫಿಲ್ಟರ್ ಮನೆಗೆ ನಿಮ್ಮ ಇಲಾಖೆಯದೇ ಬೇರೆ ತಂತಿ ಇದೆ, ಅದು ಬದುಕಿದೆ. ಆದರೆ ಅದರ ಡಯಲ್‌ಗೆ ಬೀಗ. ಬೀಗದ ಕೈ ಇಟ್ಟುಕೊಂಡಿರುವ ಮೇಲ್ವಿಚಾರಕರು ಊರಲ್ಲಿಲ್ಲ. ಇಲ್ಲಿಂದ ಮಾಡಲಾಗದು, ಅಲ್ಲಿಂದ ಬಂದರೆ ಎತ್ತಬಹುದು ಅಷ್ಟೆ. ಅದಕ್ಕೇ ಈ ಕಾಗದವನ್ನು ಇವರ ಕೈಯಲ್ಲಿ ಕೊಟ್ಟು, ನಿಮ್ಮ ಊರಿನ ಮಾರುಕಟ್ಟೆಗೆ ಬರುವ ತರಕಾರಿ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಇವರು ನಿನ್ನ ಮುಂದೆ ನಿಂತರೆ ನೀರು ಬೇಕಾ ಎಂದು ಕೇಳಿದರೂ ತಡವರಿಸುತ್ತಾರೆ, ಆದ್ದರಿಂದ ಬರೆದೇ ಕಳಿಸುತ್ತಿದ್ದೇನೆ.

ಇವತ್ತು ಮಧ್ಯಾಹ್ನ ನಿನ್ನ ಕಾಗದ ಬಂತು. ಅತ್ತೆ ಬಟ್ಟೆ ಒಗೆಯುತ್ತಿದ್ದರು. ನಿನ್ನ ಸುದ್ದಿ ಎಂದರೆ ಅವರಿಗೂ ಇಷ್ಟ, ಬಾಯಲ್ಲಿ ಏನೇ ಅನ್ನಲಿ. ಎದುರಿಗೆ ಕೂತು ಓದಿ ಹೇಳಿದೆ. ಅರ್ಧದಷ್ಟು ಟ್ಯಾಂಕರ್‌ಗಳಿಗೇ ತುಂಬಿತಂತೆ ಎನ್ನುವಾಗ ಅವರ ಕೈ ನಿಂತಿತು. ಪರೀಕ್ಷೆಯ ದಿನ ನಮ್ಮ ಬಚ್ಚಲ ತೂತಿನಲ್ಲಿ ನೀರು ಗುಡುಗುಡು ಎಂದು ಮೇಲೆ ಬಂದಿತ್ತು, ಅತ್ತೆ ಗೋಣಿಚೀಲ ತುರುಕಿದ್ದರು. ಯಾಕೆ ಎಂದು ಅವತ್ತು ಕೇಳಿದ್ದೆ. "ಹಲ್ಲಿ ಬರುತ್ತೆ" ಎಂದಿದ್ದರು. ಈಗ ನಾನು ಅವರ ಮುಖ ನೋಡಿದೆ. ಅವರು ಕಲ್ಲನ್ನು ನೋಡುತ್ತಿದ್ದರು.

"ಕೈ ಕೊಡು" ಎಂದರು. ಇಬ್ಬರೂ ಸೇರಿ ಒಗೆಯುವ ಕಲ್ಲು ಸರಿಸಿದೆವು. ಮುಚ್ಚಳ ಎತ್ತಿದೆವು. ಬಿರಡೆ ಇರಬೇಕಾದ ಕಡೆ ಚೂರುಗಳಿದ್ದವು. ಅಂಚಿನವರೆಗೂ ಕಪ್ಪು ನೀರು ನಿಂತಿತ್ತು.

ಅತ್ತೆ ಅಲ್ಲೇ ಕೂತರು. "ಫೆಬ್ರವರೀಲಿ ಗುಂಡಿ ತುಂಬಿ ಬಚ್ಚಲಿಗೆ ವಾಪಸ್ ಬರ್ತಿತ್ತು. ಕೂಸಿಗೆ ಜ್ವರ. ನಿನಗೆ ಎದ್ದು ಕೂರೋಕೂ ತ್ರಾಣ ಇರಲಿಲ್ಲ. ಆ ನಾತದಲ್ಲಿ ಮಗೂನ ಹೇಗೆ ಇಟ್ಕೊಳ್ಳಲಿ ಹೇಳು. ಗಾರೆಯವನನ್ನ ಕರೆಸಿ ಒಡೆಸಿದೆ. ಅಷ್ಟು ದೊಡ್ಡ ಕೊಳವೇಲಿ ನಮ್ಮೊಂದು ಮನೆ ನೀರು ಯಾವ ಮೂಲೆಗೆ ಅಂದ್ಕೊಂಡೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಮೊದಲೇ ಎಲ್ಲಕ್ಕೂ ಹೆದರ್ತೀಯ."

ಪುಟ್ಟಿಯನ್ನು ಎತ್ತಿಕೊಂಡು ಮನೆ ಮನೆಗೆ ಹೋದೆ. ನಮ್ಮ ಚೇಂಬರ್ ತೆರೆದು ಬಂದಿದ್ದೇನೆ ಎಂದ ಮೇಲೆ ಯಾರೂ ಮುಚ್ಚಿಡಲಿಲ್ಲ. ಟೈಲರ್ ಹೆಂಡತಿಯಂತೂ, "ನಿಮ್ಮನೇಲಿ ಗಾರೆಯವನು ಒಡೆಯೋದನ್ನ ಬೀದೀನೇ ನೋಡಿದೆ. ಎಂಜಿನಿಯರಮ್ಮನ ತಂಗಿ ಮನೇಲೇ ತೆಗೆಸಿದ್ದಾರೆ ಅಂದ್ಮೇಲೆ ಒಪ್ಪಿಗೆ ಇರುತ್ತೆ ಅಂತ ತಾನೇ ಅರ್ಥ?" ಎಂದಳು. ಅದೇ ಗಾರೆಯವನನ್ನೇ ಒಬ್ಬರಾದ ಮೇಲೆ ಒಬ್ಬರು ಕರೆದಿದ್ದಾರೆ. ನಮ್ಮ ಬೀದಿಯಿಂದ ಪಕ್ಕದ ಬೀದಿಗೂ ಹೋಗಿದೆ. ನಮ್ಮ ಬೀದಿಯಲ್ಲಿ ಬಿರಡೆ ಉಳಿದಿರುವುದು ಬೀಗ ಹಾಕಿರುವ ಒಂದು ಮನೆಯಲ್ಲಿ ಮಾತ್ರ. ಓವರ್‌ಸಿಯರ್ ಹಾಕಿಸಿದ ಹೊಸದನ್ನು ಟೈಲರ್ ವಾರದೊಳಗೆ ಕಿತ್ತಿದ್ದಾನೆ.

ಅಕ್ಕಾ, ನೀನು ಕೆರೆಗೆ ಬಿಡಲು ಸಹಿ ಹಾಕಿರುವುದು ಕೆರೆಯ ನೀರನ್ನಲ್ಲ. ಇಷ್ಟು ತಿಂಗಳು ಈ ಬೀದಿಗಳು ಹೊರಹಾಕಿದ್ದನ್ನೆಲ್ಲ. ಗೋಡೆಯಿಂದ ಕಲ್ಲೆಸೆಯುವಷ್ಟು ದೂರದಲ್ಲಿ ಫಿಲ್ಟರ್ ಮನೆ ನೀರೆಳೆಯುವ ಕೊಳವೆಯ ಬಾಯಿ ಇದೆ. ಒಳಗೆ ಮರಳಿನ ತೊಟ್ಟಿ, ಒಂದಿಷ್ಟು ಕ್ಲೋರಿನ್ ಬಿಟ್ಟರೆ ಬೇರೇನಿಲ್ಲ. ನಾಳೆ ಬೆಳಿಗ್ಗೆ ನಲ್ಲಿ ಬರುವ ಹೊತ್ತಿಗೆ ಊರಲ್ಲಿ ಎಷ್ಟು ಮನೆಯಲ್ಲಿ ಹಾಲಿನ ಪುಡಿ ಕಲಸುತ್ತಾರೆ, ಯೋಚಿಸು. ಎಲ್ಲರೂ ನನ್ನ ಹಾಗೆ ಎರಡೆರಡು ಸಲ ಕುದಿಸುವುದಿಲ್ಲ. ಅವರಿಗೆ ಹುಚ್ಚು ಹಿಡಿದಿಲ್ಲ.

ಸಂಜೆ ಮೇಸ್ತ್ರಿಯ ಹತ್ತಿರ ಹೋದೆ. ಗೋಡೆಯ ಪಕ್ಕದ ಶೆಡ್ಡಿನಲ್ಲೇ ಅವನ ವಾಸ. "ವಾಸನೆ ನನಗೂ ಬಂತಮ್ಮಾ. ಚರಂಡಿ ಕೆಲಸದಲ್ಲಿ ವಾಸನೆ ನೋಡ್ತಾ ಕೂತ್ರೆ ಆಗುತ್ತಾ? ನಿಮ್ಮಕ್ಕ ಒಡಿ ಅಂತ ಸಹಿ ಮಾಡಿದ್ದಾರೆ, ಒಡೀತೀನಿ. ಬೇಡ ಅಂತ ಅವರೇ ಹೇಳ್ಲಿ, ಸುತ್ತಿಗೆ ಕೆಳಗಿಡ್ತೀನಿ. ನಿಮ್ಮ ಮಾತು ಕೇಳಿ ನಿಲ್ಸಿದ್ರೆ ನಾಳೆ ಟೈಲರ್ ಮಾತೂ ಕೇಳ್ಬೇಕಾಗುತ್ತೆ" ಎಂದ. ಫಿಲ್ಟರ್ ಮನೆಯ ಆಪರೇಟರ್ ಹೇಳಿದ್ದೂ ಅದೇ: "ನೀರೆಳೆಯೋದು ನಿಲ್ಸಿದ್ರೆ ಊರಿಗೆ ಊರೇ ಬಂದು ನನ್ನ ಕತ್ತು ಹಿಡಿಯುತ್ತೆ. ಎಂಜಿನಿಯರ್ ಬಾಯಿಂದ ಬರ್ಲಿ." ಓವರ್‌ಸಿಯರ್ ನಿನ್ನ ಇನ್ನೊಂದು ಊರಿನ ಕೆಲಸಕ್ಕೆ ಹೋಗಿದ್ದಾನಂತೆ. ಪುರಸಭೆಯ ಅಧ್ಯಕ್ಷರ ಮನೆಗೂ ಇವರು ಹೋಗಿ ಬಂದರು. ಮದುವೆಗೆ ಹೋಗಿದ್ದಾರಂತೆ, ನಾಳೆ ಮಧ್ಯಾಹ್ನ ಬರುತ್ತಾರಂತೆ.

ನನಗೆ ಗೊತ್ತು, ಫೋನ್ ಮಾಡಿದರೆ ನಿನಗೆ ಏನಾಗುತ್ತದೆ ಎಂದು. ಹಲ್ಲು ಕಡಿಯುತ್ತಿದ್ದವರಿಗೆ ಕಚ್ಚಲು ಸಿಗುತ್ತದೆ. ಮೊದಲು ಯಾರ ಮನೆಯ ಬಿರಡೆ ತೆಗೆದದ್ದು ಎಂದು ಕೇಳುತ್ತಾರೆ. ನನ್ನ ತಂಗಿಯ ಮನೆಯದು ಎಂದು ಹೇಳು. ಸರಿಯಾಗಿದೆ ಎಂದು ನಾನು ಬರೆದ ಕಾಗದ ನಿನ್ನ ಹತ್ತಿರ ಇದೆ, ಅದನ್ನು ತೋರಿಸು. ನಾನು ನೋಡದೆಯೇ ಬರೆದೆ ಎಂದು ನಾನೇ ಹೇಳುತ್ತೇನೆ.

ಇಬ್ಬರಿಗೆ ಹೇಳಬೇಕು. ಮೊದಲು ಆಪರೇಟರ್‌ಗೆ, ನೀರೆಳೆಯುವುದನ್ನು ನಿಲ್ಲಿಸು ಎಂದು. ಆಮೇಲೆ ಮೇಸ್ತ್ರಿಗೆ. ಅವನ ಶೆಡ್ಡು ಅಲ್ಲಿಂದ ಕೂಗಳತೆಯಲ್ಲಿದೆ, ಕರೆದರೆ ಬರುತ್ತಾನೆ. ಆ ನೀರನ್ನು ಆಮೇಲೆ ಏನು ಮಾಡಬೇಕು, ಹೇಗೆ ಹೊರಗೆ ಸಾಗಿಸಬೇಕು ಎಂಬುದೆಲ್ಲ ನಿನಗೆ ಗೊತ್ತಿರುವ ವಿದ್ಯೆ. ನನಗೆ ಗೊತ್ತಿರುವುದು ಇಷ್ಟೇ: ಗೋಡೆ ನಿಂತಿದ್ದರೆ ನಾಳೆ ಮಧ್ಯಾಹ್ನವೂ ಯೋಚಿಸಬಹುದು. ಬಿದ್ದರೆ ಯೋಚಿಸಲು ಏನೂ ಉಳಿಯುವುದಿಲ್ಲ.

ಅತ್ತೆ ಫಿಲ್ಟರ್ ಮನೆಯಲ್ಲಿದ್ದಾರೆ. ಊಟ ಮಾಡದೆ ಹೋದರು. ಹೆಂಗಸರು ರಾತ್ರಿ ಇಲ್ಲಿ ಕೂರೋ ಹಾಗಿಲ್ಲ ಎಂದನಂತೆ ಆಪರೇಟರ್. "ಎತ್ತಿ ಆಚೆ ಹಾಕು ನೋಡೋಣ" ಎಂದು ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರಂತೆ. ಜೀವಮಾನದಲ್ಲಿ ಫೋನ್ ಮುಟ್ಟಿದವರಲ್ಲ. ಯಾವ ಕಡೆ ಕಿವಿಗೆ, ಯಾವ ಕಡೆ ಬಾಯಿಗೆ ಎಂದು ಇವರು ಎರಡು ಸಲ ತೋರಿಸಿ ಬಂದಿದ್ದಾರೆ. ನೀನು ಬೈದರೆ ಬೈಸಿಕೊಳ್ಳುತ್ತಾರಂತೆ. ಬೈಯುವುದು ಆಮೇಲೆ, ಮೊದಲು ಆಪರೇಟರ್‌ಗೆ ಕೊಡಿ ಎನ್ನು.

ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ. ದಾರಿಯಲ್ಲಿ ಎಲ್ಲೂ ನಿಲ್ಲಿಸದಿದ್ದರೆ ಕತ್ತಲಿರುವಾಗಲೇ ಇವರು ನಿನ್ನ ಬಾಗಿಲು ತಟ್ಟುತ್ತಾರೆ. ಇಷ್ಟು ಹೊತ್ತಿನಲ್ಲಿ ಯಾರು ಎಂದು ಸುಮ್ಮನೆ ಮಲಗಿಬಿಡಬೇಡ ಅಕ್ಕಾ. ಬಾಗಿಲು ತೆಗೆ. ನಿಂತುಕೊಂಡೇ ಓದು, ಮೊದಲ ಎರಡು ಸಾಲು ಸಾಕು. ನನಗೆ ನಿದ್ದೆಯಿಲ್ಲದೆ ತಲೆ ಕೆಟ್ಟಿದೆ ಎಂದು ನಿನಗೆ ಈಗಲೂ ಅನ್ನಿಸಿದರೆ ಅನ್ನಿಸಲಿ. ಹಾಗೆ ಅಂದುಕೊಂಡೇ ಫೋನ್ ಮಾಡು. ಬೆಳಗಾಗುವ ಮುಂಚೆ ಮಾಡು.

ತಂಗಿ